ಊರ ಬಸ್ಸಿನಿಂದ ಮಾದಾವರದಲ್ಲಿ ಇಳಿದು ಮೆಟ್ರೋ ಹತ್ತುವುದು ಹೇಗೆ?

ಕಾರವಾರ, ಕುಮಟಾ, ಶಿರಸಿಯಿಂದ ಹೊರಟ ರಾತ್ರಿ ಬಸ್ಸು ಹುಬ್ಬಳ್ಳಿ, ಹಾವೇರಿ, ಸಾಗರ ಹೀಗೆ ಯಾವ ದಾರಿ ಹಿಡಿದರೂ ಸಾಮಾನ್ಯವಾಗಿ ಬೆಂಗಳೂರು ಹೊಗುವುದು ತುಮಕೂರು ರಸ್ತೆಯಿಂದಲೇ. ನೆಲಮಂಗಲ ದಾಟಿದ ಮೇಲೆ, ನೈಸ್ ರಸ್ತೆ ಕೂಡುವ ಜಾಗದ ಹತ್ತಿರ ಮಾದಾವರ. 2024ರ ನವೆಂಬರ್‌ನಿಂದ ಹಸಿರು ಮಾರ್ಗದ ತುದಿ ನಿಲ್ದಾಣ ಇದೇ. ರೈಲು ಇಲ್ಲಿಂದ ಖಾಲಿ ಹೊರಡುತ್ತದೆ, ಚೀಲವನ್ನು ಕಾಲಬುಡದಲ್ಲಿಟ್ಟು ಕೂರಬಹುದು. ಎಂಟರ ಮೇಲೆ ಯಶವಂತಪುರದಲ್ಲಿ ಹತ್ತಹೋದರೆ ಲಗೇಜಿದ್ದವರಿಗೆ ನಿಲ್ಲಲೂ ಕಷ್ಟ.

ಇಳಿಯುವ ಮಾತನ್ನು ಬಸ್ ಹತ್ತುವಾಗಲೇ ಕಂಡಕ್ಟರಿಗೆ ಹೇಳಿ, ನೆಲಮಂಗಲ ಬರುವಷ್ಟರಲ್ಲಿ ಇನ್ನೊಮ್ಮೆ ನೆನಪಿಸಿ. ಬಸ್ಸು ಸರ್ವಿಸ್ ರಸ್ತೆಗೆ ಇಳಿಯದೆ ಮುಂದೆ ಹೋಗಿ ಪೀಣ್ಯ ಫ್ಲೈಓವರ್ ಏರಿತೆಂದರೆ ದಾಸರಹಳ್ಳಿ, ಜಾಲಹಳ್ಳಿ ಕೆಳಗೇ ಉಳಿಯುತ್ತವೆ. ಮತ್ತೆ ಇಳಿಯಲು ಸಿಗುವುದು ಗೊರಗುಂಟೆಪಾಳ್ಯ. ಅಲ್ಲೂ ಮೆಟ್ರೋ ಇದೆ, ಸೀಟಿನ ಆಸೆ ಮಾತ್ರ ಬಿಡಬೇಕು. ಹೆಬ್ಬಾಳದ ಕಡೆ ಹೋಗುವವರಿಗಾದರೆ ಗೊರಗುಂಟೆಪಾಳ್ಯವೇ ಸರಿ. ಮಾದಾವರದಲ್ಲಿ ಇಳಿದ ಮೇಲೆ ಹೆದ್ದಾರಿ ದಾಟಬೇಕಾಗಿ ಬಂದರೆ ಪಾದಚಾರಿ ಮೇಲ್ಸೇತುವೆ ಹುಡುಕಿ. ನಸುಕಿನಲ್ಲಿ ಲಾರಿಗಳ ವೇಗ ಅಂದಾಜಿಗೆ ಸಿಗುವುದಿಲ್ಲ.

ಹೆಚ್ಚಿನವರು ಎಡವುವುದು ಭಾನುವಾರ. ಉಳಿದ ದಿನ ಮೊದಲ ರೈಲು 5 ಗಂಟೆಗೆ, ಸೋಮವಾರ 4.15ಕ್ಕೆ, ಭಾನುವಾರ ಮಾತ್ರ 7ಕ್ಕೆ. ಶನಿವಾರ ರಾತ್ರಿಯ ಬಸ್ಸಿಗೆ ಹೊರಟವರು ಇಲ್ಲಿ ಇಳಿಯಲೇಬೇಡಿ. ಹೆದ್ದಾರಿ ಪಕ್ಕ ಎರಡು ತಾಸು ಕಾಯುವ ಬದಲು ಅದೇ ಬಸ್ಸಿನಲ್ಲಿ ಮೆಜೆಸ್ಟಿಕ್‌ವರೆಗೆ ಹೋಗಿ.

ಒಳಗೆ ಚೀಲಗಳನ್ನು ಎಕ್ಸ್‌ರೇ ಯಂತ್ರದಲ್ಲಿ ಹಾಯಿಸಬೇಕು. ಮಗಳ ಮನೆಗೆಂದು ಮೆಟ್ಟುಗತ್ತಿ ಕಟ್ಟಿಕೊಂಡಿದ್ದರೆ ಅಲ್ಲೇ ತಡೆಯುತ್ತಾರೆ. ಒಬ್ಬರಿಗೆ 60×45×25 ಸೆಂ.ಮೀ. ಅಳತೆಯ, 15 ಕೆ.ಜಿ. ಮೀರದ ಚೀಲ ಎಂಬುದು ನಿಯಮ. ಕಾಯಿ, ಅಕ್ಕಿ, ಅಪ್ಪೆಮಿಡಿ ಭರಣಿ ಎಲ್ಲವನ್ನೂ ಒಂದೇ ಗೋಣಿಗೆ ತುಂಬುವುದಕ್ಕಿಂತ ಮನೆಮಂದಿ ಹಂಚಿಕೊಂಡು ಹಿಡಿದರೆ ಒಳ್ಳೆಯದು.

ಕೊನೆಗೆ ಇಳಿಯುವ ನಿಲ್ದಾಣಕ್ಕೇ ಒಂದೇ ಟಿಕೆಟ್ ತೆಗೆಯಿರಿ. ಮೊಬೈಲಿನ ಒಂದು ಕ್ಯೂಆರ್‌ನಲ್ಲಿ 6 ಜನರವರೆಗೆ ಹೋಗಬಹುದು. ಕಾರ್ಡ್ ಇದ್ದರೆ ಅದರಲ್ಲಿ 90 ರೂಪಾಯಿಗಿಂತ ಕಡಿಮೆ ಇರಬಾರದು, ಗೇಟು ತೆರೆಯುವುದಿಲ್ಲ.

ವೈಟ್‌ಫೀಲ್ಡ್, ಚಲ್ಲಘಟ್ಟದ ಕಡೆಯವರು ಮೆಜೆಸ್ಟಿಕ್‌ನಲ್ಲಿ ನೇರಳೆ ಮಾರ್ಗಕ್ಕೆ ಬದಲಿಸಿ. ಗೇಟಿನಿಂದ ಹೊರಗೆ ಬಂದರೆ ಮತ್ತೆ ಟಿಕೆಟ್ ತೆಗೆಯಬೇಕಾಗುತ್ತದೆ, ಆದ್ದರಿಂದ ಒಳಗಿನ ಫಲಕ ನೋಡಿಯೇ ನಡೆಯಿರಿ. ಜಯದೇವ ಆಸ್ಪತ್ರೆಗೆ ಹೊರಟವರು, ನಮ್ಮ ಉತ್ತರ ಕನ್ನಡ ಜಿಲ್ಲೆಯಿಂದ ಇಂಥವರೇ ಬಹಳ, ಮೆಜೆಸ್ಟಿಕ್‌ನಲ್ಲಿ ಇಳಿಯದೆ ಆರ್.ವಿ. ರಸ್ತೆವರೆಗೆ ಕೂತಿರಿ. ಅಲ್ಲಿಂದ ಹಳದಿ ಮಾರ್ಗದಲ್ಲಿ ರಾಗಿಗುಡ್ಡ ಆದ ಮೇಲಿನದೇ ಜಯದೇವ ಆಸ್ಪತ್ರೆ ನಿಲ್ದಾಣ.

ಊರಿಗೆ ವಾಪಸಾಗುವಾಗ ಟಿಕೆಟ್ಟಿನಲ್ಲಿ ಹತ್ತುವ ಜಾಗ ಮಾದಾವರ ಎಂದು ಬರೆದಿದ್ದರೆ ಮಾತ್ರ ಅಲ್ಲಿ ಕಾಯಿರಿ. ಇಲ್ಲವಾದರೆ ಮೆಜೆಸ್ಟಿಕ್‌ಗೇ ಹೋಗಿ ಹತ್ತಿ. ರಾತ್ರಿ ಹೆದ್ದಾರಿಯಲ್ಲಿ ಕೈ ಅಡ್ಡ ಹಿಡಿದರೆ ಬಸ್ಸು ನಿಲ್ಲುವುದಿಲ್ಲ.