ಗುಮ್ಮಟದ ಪಿಸುಮಾತು, ರೊಟ್ಟಿ ಬುಟ್ಟಿಯ ಚೀಟಿ: ಸೂಟಿಯ ಪ್ರವಾಸದ ಸುದ್ದಿ ಮಕ್ಕಳಿಗೆ ಹೇಳುವ ಬಗೆ

ಮೊದಲು ಟಿಕೀಟು, ಆಮೇಲೆ ಸುದ್ದಿ. ಈ ಕ್ರಮ ತಪ್ಪಿದರೆ ಮುಂದಿನ ತಯಾರಿಯೆಲ್ಲ ಹೊಳ್ಯಾಗ ಹುಣಸಿಹಣ್ಣು ತೊಳೆದಂತೆ. ವಿಜಯಪುರ, ಬಾಗಲಕೋಟೆಯಿಂದ ಮೈಸೂರಿಗೆ ಹೊರಟಿದ್ದೀರಿ ಎಂದಿಟ್ಟುಕೊಳ್ಳಿ. ಗೋಲಗುಂಬಜ ಎಕ್ಸ್‌ಪ್ರೆಸ್ ಹತ್ತಿ ಮಲಗಿದರೆ ಮರುದಿನ ಮೈಸೂರು. ರೈಲಿನ ಮುಂಗಡ ಬುಕಿಂಗ್ ಈಗ 60 ದಿನ ಮುಂಚೆ ತೆರೆಯುತ್ತದೆ. ಬೇಸಿಗೆ ಸೂಟಿಗೋ ದಸರಾ ಸೂಟಿಗೋ ಹೊರಡುವವರು ಅದೇ ದಿನ ಕೂತು ಬುಕ್ ಮಾಡುವುದು ಒಳ್ಳೆಯದು. ವೇಟಿಂಗ್ ಲಿಸ್ಟ್‌ನಲ್ಲಿರುವ ಟಿಕೀಟು ನಂಬಿ ಮಕ್ಕಳಿಗೆ ಹೇಳಬೇಡಿ. ಚಾರ್ಟ್ ಆದಾಗ ಸೀಟು ಸಿಗದಿದ್ದರೆ ಮಗುವಿನ ಕಣ್ಣಲ್ಲಿ ತಪ್ಪು ರೈಲಿನದಲ್ಲ, ನಿಮ್ಮದು. ದಿನ ಆರಿಸುವಾಗಲೇ ಇನ್ನೆರಡು ವಿಷಯ ನೋಡಿಕೊಳ್ಳಿ: ಮೈಸೂರು ಮೃಗಾಲಯಕ್ಕೆ ಮಂಗಳವಾರ ರಜೆ, ಅರಮನೆಯ ಸುಮಾರು ಒಂದು ಲಕ್ಷ ಬಲ್ಬುಗಳು ಬೆಳಗುವುದು ಭಾನುವಾರ ಮತ್ತು ಸಾರ್ವತ್ರಿಕ ರಜೆಗಳ ಸಂಜೆ. ಸುದ್ದಿ ಹೇಳುವಾಗ ಆನೆ, ದೀಪ ಎಂದು ಆಸೆ ಹುಟ್ಟಿಸಿ, ಅಲ್ಲಿ ಹೋದಾಗ ಗೇಟಿಗೆ ಬೀಗ ಇರಬಾರದು.

ಎಷ್ಟು ದಿನ ಮುಂಚೆ ಹೇಳಬೇಕು ಎನ್ನುವುದು ವಯಸ್ಸಿನ ಮೇಲೆ. ಆರು ವರ್ಷದೊಳಗಿನವರಿಗೆ ಹಿಂದಿನ ದಿನ ಸಾಕು. “ಮುಂದಿನ ವಾರ” ಎಂಬುದು ಅವರ ಲೆಕ್ಕಕ್ಕೆ ಸಿಗುವುದಿಲ್ಲ, ದಿನಕ್ಕೆ ಇಪ್ಪತ್ತು ಸಲ “ಇವತ್ತೇನು?” ಎಂದು ಕೇಳಿ ಕೊನೆಗೆ ಅತ್ತುಬಿಡುತ್ತಾರೆ. ಏಳರಿಂದ ಹನ್ನೆರಡರವರಿಗೆ ಐದಾರು ದಿನ ಬೇಕು. ಕಾಯುವುದೇ ಅವರಿಗೆ ಅರ್ಧ ಪ್ರವಾಸ. ಹದಿಮೂರು ದಾಟಿದವರಿಗೆ ಅಚ್ಚರಿ ಕೊಡಲು ಹೋಗಲೇಬೇಡಿ. ಅವರಿಗೆ ಕ್ರಿಕೆಟ್ ಮ್ಯಾಚು, ಟ್ಯೂಷನ್, ಗೆಳತಿಯ ಹುಟ್ಟುಹಬ್ಬ ಇರುತ್ತವೆ. ತಮ್ಮನ್ನು ಕೇಳದೆ ನಿರ್ಧರಿಸಿದರು ಎಂಬ ಸಿಟ್ಟು ಪ್ರವಾಸ ಮುಗಿಯುವವರೆಗೂ ಇಳಿಯುವುದಿಲ್ಲ. ಅವರಿಗೆ ಮೊದಲೇ ಹೇಳಿ, ತಮ್ಮ ತಂಗಿಯರಿಗಾಗಿ ಹೂಡುವ ಸಂಚಿನಲ್ಲಿ ಸೇರಿಸಿಕೊಳ್ಳಿ. ಚೀಟಿ ಬರೆಯುವ ಕೆಲಸ ಅವರಿಗೇ ಒಪ್ಪಿಸಿದರೆ ಇನ್ನೂ ಚಂದ.

ಗುಟ್ಟು ಒಡೆಯುವುದು ಸಾಮಾನ್ಯವಾಗಿ ನಾಲ್ಕು ಕಡೆ. ಒಂದು, ಮೊಬೈಲು. ಟಿಕೀಟಿನ ಸಂದೇಶ ಪರದೆಯ ಮೇಲೆ ಬಂದಾಗ ಫೋನು ಮಕ್ಕಳ ಕೈಯಲ್ಲೇ ಇರುತ್ತದೆ. ಮೃಗಾಲಯದ ವಿಡಿಯೊ ಒಂದು ಸಲ ಹುಡುಕಿದರೆ ಮನೆಯ ಟಿವಿಯಲ್ಲಿ ಯೂಟ್ಯೂಬ್ ಅದನ್ನೇ ತೋರಿಸತೊಡಗುತ್ತದೆ. ಹುಡುಕಾಟವನ್ನು ಮಕ್ಕಳು ಮುಟ್ಟದ ಫೋನಿನಲ್ಲಿ ಮಾಡಿ. ಎರಡು, ಆಯಿ-ಅಜ್ಜ. ಅವರಿಗೆ ಹೇಳದೆ ಇರಬೇಡಿ, ಕಡೆಗಳಿಗೆಯಲ್ಲಿ ಹೇಳಿ. ಮೊಮ್ಮಕ್ಕಳ ಮುಂದೆ ಎರಡು ವಾರ ಬಾಯಿ ಕಟ್ಟಿಕೊಂಡಿರುವುದು ಅವರಿಗೆ ಶಿಕ್ಷೆ. ಮೂರು, ಅಟ್ಟದಿಂದ ಇಳಿದ ಬ್ಯಾಗು. ನಾಲ್ಕನೆಯದು ನಮ್ಮ ಕಡೆಯದೇ: ಬುತ್ತಿ. ಒಮ್ಮೆಲೆ ನಲವತ್ತು ಖಡಕ್ ರೊಟ್ಟಿ, ಸೇರುಗಟ್ಟಲೆ ಶೇಂಗಾ ಹಿಂಡಿ ತಯಾರಾದರೆ ಯಾವ ಮಗುವಿಗೂ ಬಿಡಿಸಿ ಹೇಳಬೇಕಿಲ್ಲ. ಬುತ್ತಿ ಕೆಲಸ ಸುದ್ದಿ ಹೇಳಿದ ಮೇಲೆಯೇ ಇಟ್ಟುಕೊಳ್ಳಿ. ಹಿಂಡಿಗೆ ಬೆಳ್ಳುಳ್ಳಿ ಸುಲಿಯಲು ಆಗ ಮಕ್ಕಳು ತಾವಾಗಿ ಕೂಡುತ್ತಾರೆ.

ವಿಜಯಪುರದಲ್ಲಿದ್ದವರಿಗೆ ಬೇರೆ ಊರಿನವರಿಗಿಲ್ಲದ ಸೌಲಭ್ಯವೊಂದಿದೆ: ಗೋಳಗುಮ್ಮಟದ ಪಿಸುಗುಟ್ಟುವ ಗ್ಯಾಲರಿ. 1656ರಲ್ಲಿ ಮುಗಿದ ಈ ಕಟ್ಟಡದಲ್ಲಿ, ಗುಮ್ಮಟದ ಒಳಗೋಡೆಗುಂಟ ಸುತ್ತುವ ಮೊಗಸಾಲೆಯ ಒಂದು ತುದಿಯಲ್ಲಿ ಪಿಸುಗುಟ್ಟಿದ್ದು ಎದುರಿನ ತುದಿಯಲ್ಲಿ ಸ್ಪಷ್ಟವಾಗಿ ಕೇಳುತ್ತದೆ. ದನಿ ಬಾಗಿದ ಗೋಡೆಯನ್ನು ಹಿಡಿದೇ ಸಾಗುತ್ತದೆ. ಇಬ್ಬರು ದೊಡ್ಡವರು ಬೇಕು. ಒಬ್ಬರು ಮಗುವಿನ ಕೈ ಹಿಡಿದು ಗೋಡೆಗೆ ಕಿವಿ ಹಚ್ಚಿಸಿ ಕೂಡಿಸಲಿ, ಇನ್ನೊಬ್ಬರು ನೇರ ಎದುರಿಗೆ ಹೋಗಿ, ಗೋಡೆಯಿಂದ ಒಂದು ಗೇಣಿನಷ್ಟು ದೂರದಲ್ಲಿ ಬಾಯಿಟ್ಟು, ಗೋಡೆಗೇ ಹೇಳಲಿ. ಕೂಗಬಾರದು, ಜೋರು ದನಿ ಮತ್ತೆ ಮತ್ತೆ ಮಾರ್ದನಿಸಿ ಒಂದರ ಮೇಲೊಂದು ಬಿದ್ದು ಗದ್ದಲವಾಗುತ್ತದೆ. ಉದ್ದ ವಾಕ್ಯವೂ ಬೇಡ. “ತಂಗೀ...” ಎಂದು ತುಸು ತಡೆದು, “ಶನಿವಾರ...” ಎಂದು ಮತ್ತೆ ತಡೆದು, “ಮೈಸೂರಿಗೆ ಹೊಂಟೀವಿ” ಎಂದರೆ ಸಾಕು. ಜನ ಸೇರಿದ ಮೇಲೆ ಚಪ್ಪಾಳೆ, ಸಿಳ್ಳೆಗಳಲ್ಲಿ ಇದು ಸಾಧ್ಯವೇ ಇಲ್ಲ. ಆದ್ದರಿಂದ ಬೆಳಿಗ್ಗೆ ಬಾಗಿಲು ತೆರೆದ ಕೂಡಲೇ ಹೋಗಿ, ಭಾನುವಾರ ಬಿಟ್ಟುಬಿಡಿ. ಮೂಲೆಯ ಗೋಪುರದ ಮೆಟ್ಟಿಲು ಎತ್ತರ, ಕಿರಿದು. ಹತ್ತಿದ ಮೇಲೆ ಮಗುವಿಗೆ ಐದು ನಿಮಿಷ ದಣಿವಾರಲು ಬಿಡಿ, ಏದುಸಿರಿನಲ್ಲಿ ಪಿಸುಮಾತು ಕೇಳುವುದಿಲ್ಲ. 15 ವರ್ಷದೊಳಗಿನವರಿಗೆ ಪ್ರವೇಶ ಶುಲ್ಕವಿಲ್ಲ.

ಮನೆಯಲ್ಲೇ ಹೇಳುವವರಿಗೆ ಒಗಟಿನ ಚೀಟಿಯಾಟ ಎಲ್ಲಕ್ಕಿಂತ ಮೇಲು. ನಾಲ್ಕು ಚೀಟಿ ಸಾಕು. ಆರು ದಾಟಿದರೆ ಚಿಕ್ಕವರು ಬೇಸತ್ತು ಕೂತುಬಿಡುತ್ತಾರೆ. ಕೊನೆಯ ಜಾಗದಿಂದ ಹಿಂದಕ್ಕೆ ಬರೆಯುತ್ತ ಬನ್ನಿ, ಆಗ ಕೊಂಡಿ ತಪ್ಪುವುದಿಲ್ಲ. ಒಗಟು ಮನೆಯ ಮಾತಿನಲ್ಲೇ ಇರಲಿ. ಮೊದಲ ಚೀಟಿ ಮಗುವಿನ ಕೈಗೆ:

“ಬಡಿದ್ರ ಅಳೂದಿಲ್ಲ, ಸುಟ್ರ ಸಾಯೂದಿಲ್ಲ, ದಿನಾ ನಿನ್ನ ತಾಟಿನ್ಯಾಗ ಕೂಡ್ತೀನಿ.”

ಉತ್ತರ ರೊಟ್ಟಿ. ಬುಟ್ಟಿಯ ಅರಿವೆಯಡಿ ಎರಡನೆಯದು:

“ಮುಳ್ಳು ಮೂರು ಅದಾವು, ಒಂದೂ ಚುಚ್ಚೂದಿಲ್ಲ, ಹಗಲೂ ರಾತ್ರಿ ನಡೀತೀನಿ, ಗ್ವಾಡಿ ಬಿಟ್ಟು ಇಳಿಯೂದಿಲ್ಲ.”

ಗಡಿಯಾರ. ಚೀಟಿಯನ್ನು ಗಡಿಯಾರದ ಹಿಂದೆ ಸಿಗಿಸಬೇಡಿ, ಮಕ್ಕಳು ಕುರ್ಚಿಯ ಮೇಲೆ ಸ್ಟೂಲಿಟ್ಟು ಹತ್ತುತ್ತಾರೆ. ಅದರ ಕೆಳಗೆ, ಕೈಗೆಟಕುವಷ್ಟು ಎತ್ತರದಲ್ಲಿ ಗೋಡೆಗೆ ಅಂಟಿಸಿ. ಅಲ್ಲಿ ಮೂರನೆಯದು:

“ಕಿವಿ ಹಿಂಡಿದ್ರ ಬಾಯಾಗ ನೀರು ಬರ್ತಾವು.”

ನಳ. ಚೀಟಿಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ನಳದ ಕುತ್ತಿಗೆಗೆ ದಾರದಿಂದ ಕಟ್ಟಿ. ಬಿಡಿ ಕಾಗದ ಇಟ್ಟರೆ ಮಗು ಮೊದಲು ಮಾಡುವುದೇ ಕಿವಿ ಹಿಂಡುವುದು, ಶಾಯಿಯೆಲ್ಲ ಹರಿದುಹೋಗುತ್ತದೆ. ಜೋಳದ ಡಬ್ಬಿಯಲ್ಲಿ ಹೂತಿಡುವ ಆಸೆಯಾಗುತ್ತದೆ. ಮಾಡಬೇಡಿ, ಹತ್ತು ಸೇರು ಜೋಳ ನೆಲಕ್ಕೆ ಬಂದೀತು. ಕೊನೆಯ ಒಗಟು:

“ವಿಜಾಪುರದಾಗ ಕಲ್ಲಾಗಿ ನಿಂತಾನ, ಟೇಶನ್ನಿನ್ಯಾಗ ಕೂ ಅಂತಾನ, ಮಲಗಿದವರನ್ನ ಹೊತ್ತು ಎಲ್ಲಿಗೆ ಒಯ್ತಾನ?”

ಇದರ ಜೊತೆಗೇ ಒಂದು ಪೆಟ್ಟಿಗೆ. ಅಮೀನಗಡದ ಕರದಂಟಿನ ಖಾಲಿ ಪೆಟ್ಟಿಗೆಯಾದರೆ ಅಳತೆ ಸರಿ, ಆದರೆ ಒಳಗಿನ ಬೆಲ್ಲದ ಜಿಗಿಯನ್ನು ಒದ್ದೆ ಅರಿವೆಯಿಂದ ಒರೆಸಿ ಒಣಗಿಸಿ, ಇಲ್ಲದಿದ್ದರೆ ಬೆಳಗಾಗುವಷ್ಟರಲ್ಲಿ ಇರುವೆ. ಒಳಗೆ ಗಾಲಿ ಬರೆದ ಗೋಳಗುಮ್ಮಟದ ಚಿತ್ರ, ದೀಪ ಹಚ್ಚಿದ ಅರಮನೆಯ ಚಿತ್ರ, ಟಿಕೀಟಿನ ಪ್ರತಿ. ಟಿಕೀಟಿನಲ್ಲಿ ತನ್ನ ಹೆಸರು, ವಯಸ್ಸು, ಬರ್ತ್ ನಂಬರು ಓದಿದಾಗ ಮಗು ನಂಬುತ್ತದೆ. ಅದಕ್ಕೇ ಐದು ದಾಟಿದವರಿಗೆ ಅರ್ಧ ಟಿಕೀಟು ಬೇಡ, ಪೂರ್ತಿ ಬರ್ತ್ ಇರಲಿ. ಅರ್ಧ ಟಿಕೀಟಿಗೆ ಬರ್ತ್ ಕೊಡುವುದಿಲ್ಲ, ರಾತ್ರಿ ಪ್ರಯಾಣ ಬೇರೆ. ಓದಲು ಬಾರದವರಿಗೆ ಒಗಟಿನ ಬದಲು ರೊಟ್ಟಿ, ಗಡಿಯಾರ, ನಳದ ಚಿತ್ರ ಬರೆದು ಕೊಡಿ. ಇಬ್ಬರು ಮಕ್ಕಳಿದ್ದರೆ ಚೀಟಿಗಳಿಗೆ ಎರಡು ಬಣ್ಣ, ಒಂದು ಬಿಟ್ಟು ಒಂದು. ಹಾಗೆ ಮಾಡದಿದ್ದರೆ ದೊಡ್ಡವನೇ ಎಲ್ಲ ಬಿಡಿಸಿ, ಚಿಕ್ಕವಳು ಅಳುವುದರೊಳಗೆ ಸುದ್ದಿ ಮುಳುಗುತ್ತದೆ.

“ನಾಳೆ ನಿಮಗೊಂದು ದೊಡ್ಡ ಕಾಣಿಕೆ ಐತಿ” ಎಂದು ಮುಂಚೆ ಆಸೆ ಹಚ್ಚಬೇಡಿ. ಮಗು ಸೈಕಲ್ ಎಣಿಸಿಕೊಂಡು ರಾತ್ರಿಯಿಡೀ ಅದರ ಬಣ್ಣ ಆರಿಸಿರುತ್ತದೆ. ಮೈಸೂರು ಎಂದಾಗ ಮುಖ ಬಾಡುತ್ತದೆ. ಹೇಳುವ ಹೊತ್ತೂ ಮುಖ್ಯ: ಹೊಟ್ಟೆ ಹಸಿದಾಗ, ಮಲಗುವ ಮುಂಚೆ, ಬೈಸಿಕೊಂಡ ಬೆನ್ನಲ್ಲೇ ಬೇಡ. ಮುಂಜಾನೆ ನಾಷ್ಟಾ ಆದ ಮೇಲೆ ಹೇಳಿ. ಕೇಳಿ ಸುಮ್ಮನೆ ನಿಂತ ಮಗುವಿಗೆ “ಖುಷಿ ಆಗ್ಲಿಲ್ಲೇನು?” ಎಂದು ಕೇಳಬೇಡಿ. ಕೆಲವರಿಗೆ ಸುದ್ದಿ ಇಳಿಯಲು ಹತ್ತು ನಿಮಿಷ ಬೇಕು, ಆಮೇಲೆ ತಾವೇ ಬಂದು ಕೊರಳಿಗೆ ಬೀಳುತ್ತಾರೆ. ವಿಡಿಯೊ ಬೇಕಿದ್ದರೆ ಫೋನನ್ನು ಕಪಾಟಿಗೆ ಆನಿಸಿಟ್ಟು ಮರೆತುಬಿಡಿ. “ಮತ್ತೊಮ್ಮೆ ಜಿಗಿ” ಎಂದರೆ ಅದು ನಾಟಕ.

ರಜೆ ಸಿಗದೆಯೋ ಜ್ವರ ಬಂದೋ ಪ್ರವಾಸ ತಪ್ಪಿದರೆ ಅದೇ ದಿನ ನಿಜ ಹೇಳಿ, ಮುಂದಿನ ದಿನಾಂಕ ಗೊತ್ತಾಗುವವರೆಗೆ ಮೈಸೂರಿನ ಮಾತು ತೆಗೆಯಬೇಡಿ. ಆಲಮಟ್ಟಿಯ ತೋಟವೋ ಬಾದಾಮಿಯ ನಾಲ್ಕು ಗುಹೆಗಳೋ ಒಂದೇ ದಿನದಲ್ಲಿ ಹೋಗಿಬರುವ ದಾರಿ. ಬಾದಾಮಿಯಲ್ಲಿ ಬುತ್ತಿ ಚೀಲ ಮಕ್ಕಳ ಕೈಗೆ ಕೊಡಬೇಡಿ, ಮಂಗಗಳು ಕಸಿಯುತ್ತವೆ.

ಸುದ್ದಿಗೂ ಗಾಡಿಗೂ ನಡುವೆ ಐದು ದಿನ ಇದ್ದರೆ, ಮಗುವಿಗೆ ಐದು ಶೇಂಗಾ ಉಂಡಿ ಕಟ್ಟಿ ಡಬ್ಬಿಯಲ್ಲಿಡಿ, ಸಂಜೆಗೊಂದು. ಡಬ್ಬಿ ಖಾಲಿಯಾದ ಮರುದಿನ ಹೊರಡುವುದು ಎಂದು ಹೇಳಿದರೆ “ಎಷ್ಟು ದಿನಾ ಉಳೀತು?” ಎಂದು ನಿಮ್ಮನ್ನು ಕೇಳುವುದಿಲ್ಲ, ಮುಚ್ಚಳ ತೆಗೆದು ತಾವೇ ಎಣಿಸುತ್ತಾರೆ.