ಹಣದ ಕವಡೆ, ಉಂಗುರ ಕವಡೆ: ನಾನು ವಿಂಗಡಿಸುವ ಬಗೆ

ಗ್ರಂಧಿಗೆ ಅಂಗಡಿಯಿಂದ ಒಂದು ಹಿಡಿ ಕವಡೆ ತಂದು ಬಟ್ಟೆಯ ಮೇಲೆ ಸುರಿದರೆ ಅವೆಲ್ಲ ಒಂದೇ ಜಾತಿಯವು ಅನ್ನಿಸುತ್ತದೆ. ನನ್ನ ಕೈಗೆ ಬಂದ ರಾಶಿಗಳಲ್ಲಿ ಹೆಚ್ಚಾಗಿ ಎರಡು ಬೆರೆತಿರುತ್ತವೆ. ಒಂದು, ಒಂದು ಕಾಲಕ್ಕೆ ನಾಣ್ಯದ ಬದಲು ಚಲಾವಣೆಯಲ್ಲಿದ್ದ ಮೊನೆಟೇರಿಯಾ ಮೊನೆಟಾ. ಇನ್ನೊಂದು ಬೆನ್ನ ಮೇಲೆ ಕಿತ್ತಳೆ ಬಣ್ಣದ ಉಂಗುರವಿರುವ ಮೊನೆಟೇರಿಯಾ ಆನ್ಯುಲಸ್. ಎರಡಕ್ಕೂ 1758ರಲ್ಲಿ ಹೆಸರಿಟ್ಟವನು ಸ್ವೀಡನ್ನಿನ ಜೀವವಿಜ್ಞಾನಿ ಲಿನೇಯಸ್.

ಉಂಗುರ ನೋಡಿದರೆ ಗೊತ್ತಾಗುತ್ತದಲ್ಲ ಅನ್ನುವವರಿದ್ದಾರೆ. ನಾನು ಅದನ್ನು ನೆಚ್ಚಿಕೊಳ್ಳುವುದಿಲ್ಲ. ಆಡಿ ಆಡಿ ಸವೆದ ಕವಡೆಯಲ್ಲಿ ಉಂಗುರ ಅಳಿಸಿಹೋಗಿರುತ್ತದೆ. ಹಣದ ಕವಡೆಯಲ್ಲೂ ಒಮ್ಮೊಮ್ಮೆ ಮಸುಕಾಗಿ ಕಾಣುತ್ತದೆ. ಎಲ್ಲಮ್ಮನ ಜೋಗತಿಯರ ಕವಡೆ ಸರದಂಥದ್ದರಲ್ಲಿ, ಹೊಲಿಯಲು ಅನುಕೂಲವಾಗಲೆಂದು ಬೆನ್ನನ್ನೇ ತೆಗೆದಿದ್ದರೆ ಉಂಗುರ ಹುಡುಕುವುದಾದರೂ ಎಲ್ಲಿ? ಅದಕ್ಕೇ ನಾನು ಅಂಚು ನೋಡುತ್ತೇನೆ. ಬಾಯಿ ಕೆಳಗಾಗಿ ಇಟ್ಟು ನೇರ ಮೇಲಿನಿಂದ ನೋಡಿದರೆ ಹಣದ ಕವಡೆ ಮೂಲೆಮೂಲೆಯಾಗಿ ಕಾಣುತ್ತದೆ. ಅಗಲದ ತುದಿಯ ಎರಡೂ ಪಕ್ಕ ಗಂಟು ಉಬ್ಬಿರುತ್ತದೆ, ಹೆಬ್ಬೆರಳಿಗೇ ಸಿಗುತ್ತದೆ. ಉಂಗುರ ಕವಡೆ ಮೊಟ್ಟೆಯಂತೆ ನುಣ್ಣಗೆ. ಯಾವುದಕ್ಕೂ ಸೇರದವು ಬೇರೆ ಡಬ್ಬಿಗೆ ಹೋಗುತ್ತವೆ. ಒತ್ತಾಯದಿಂದ ಹೆಸರು ಅಂಟಿಸುವುದಿಲ್ಲ.

ತೊಳೆಯಲು ಉಗುರುಬೆಚ್ಚಗಿನ ನೀರು, ಹಳೆಯ ಹಲ್ಲುಜ್ಜುವ ಬ್ರಷ್ಷು ಸಾಕು. ಕವಡೆಯ ಬಾಯಂಚಿನ ಹಲ್ಲುಗಳ ಸಂದಿಗೆ ಮರದ ಕಡ್ಡಿ. ಹುಣಸೆಹಣ್ಣು, ನಿಂಬೆಹುಳಿ, ವಿನೆಗರ್ ಮಾತ್ರ ಬೇಡವೇ ಬೇಡ. ಚಿಪ್ಪು ಕ್ಯಾಲ್ಸಿಯಂ ಕಾರ್ಬೊನೇಟಿನದು, ಹುಳಿ ತಾಗಿತೋ ಹೊಳಪು ಹೋಯಿತು. ಆ ಹೊಳಪು ಯಾರೂ ತಿಕ್ಕಿ ತಂದದ್ದಲ್ಲ. ಈ ಚಿಪ್ಪಿನೊಳಗೆ ಬದುಕುವ ಕಡಲ ಬಸವನಹುಳು ತನ್ನ ಮೈಯ ಮೆತ್ತನೆಯ ಪದರವನ್ನು ಎರಡೂ ಕಡೆಯಿಂದ ಹೊರಚಾಚಿ ಚಿಪ್ಪನ್ನು ಹೊದ್ದುಕೊಂಡಿರುತ್ತದೆ, ಅದರಿಂದಲೇ ಆ ಮೆರುಗು.

ಒಡೆದ ಕವಡೆಯನ್ನು ನಾನು ಎಸೆಯುವುದಿಲ್ಲ. ಸ್ಯಾಂಡ್‌ಪೇಪರನ್ನು ನೀರಲ್ಲಿ ನೆನೆಸಿ ಅದರ ಮೇಲೆ ಬೆನ್ನು ತೇಯುತ್ತೇನೆ. (ಒಣಗಿದ್ದರ ಮೇಲೆ ತೇದರೆ ಆ ಪುಡಿ ಎದೆಗೆ ಒಳ್ಳೆಯದಲ್ಲ.) ಒಳಗೆ ಸುರುಳಿ ಕಾಣುತ್ತದೆ. ಮರಿಯಾಗಿದ್ದಾಗ ಇದು ತೆಳು ತುಟಿಯ, ಸಾದಾ ಬಸವನಹುಳುವಿನಂಥ ಚಿಪ್ಪು. ಬೆಳೆದ ಮೇಲೆ ತುಟಿ ಒಳಕ್ಕೆ ಮಡಚಿಕೊಂಡು ಹಲ್ಲು ಮೂಡುತ್ತದೆ. ಅಲ್ಲಿಂದಾಚೆ ಉದ್ದ ಬೆಳೆಯುವುದಿಲ್ಲ, ದಪ್ಪವಾಗುತ್ತದೆ ಅಷ್ಟೆ. ಹಾಗಾಗಿ ದೊಡ್ಡದು ಮುದಿ, ಚಿಕ್ಕದು ಎಳೆಯದು ಎಂಬ ಲೆಕ್ಕ ಇಲ್ಲಿ ನಡೆಯದು.

14ನೇ ಶತಮಾನದಲ್ಲಿ ಮಾಲ್ಡೀವ್ಸ್‌ನಲ್ಲಿದ್ದ ಮೊರಾಕೊದ ಪ್ರವಾಸಿ ಇಬ್ನ್ ಬತೂತಾ, ಅಲ್ಲಿಯವರು ಕವಡೆಯನ್ನು ಗುಂಡಿಯಲ್ಲಿ ಹಾಕಿ ಮಾಂಸ ಕೊಳೆಸಿ ಚಿಪ್ಪು ತೆಗೆಯುತ್ತಿದ್ದುದನ್ನೂ, ಬಂಗಾಳದವರಿಗೆ ಕೊಟ್ಟು ಅಕ್ಕಿ ಪಡೆಯುತ್ತಿದ್ದುದನ್ನೂ ಬರೆದಿದ್ದಾನೆ.

ಚೌಕಾಬಾರಕ್ಕೆ ಯಾವುದು ಒಳ್ಳೆಯದು ಎಂದು ಕೇಳುತ್ತಾರೆ. ನನ್ನ ಮಟ್ಟಿಗೆ ಒಂದೇ ಅಳತೆಯ ನಾಲ್ಕು ಉಂಗುರ ಕವಡೆ. ಹಣದ ಕವಡೆಯ ಗಂಟು ಒಂದರಲ್ಲಿದ್ದಂತೆ ಇನ್ನೊಂದರಲ್ಲಿರದು, ಹಾಗಾಗಿ ಉರುಳುವ ರೀತಿಯೂ ಬೇರೆ ಬೇರೆ.