ಭಾರೀ ಕೆಲಸದ ಲ್ಯಾಪ್‌ಟಾಪ್ ಕೊಳ್ಳುವ ಮುಂಚೆ ಅರ್ಧ ಗಂಟೆ ಬಿಸಿ ಮಾಡಿ ನೋಡಿ

ವಿಡಿಯೊ ಎಡಿಟಿಂಗ್‌ಗೋ ತ್ರೀಡಿ ಕೆಲಸಕ್ಕೋ ಲ್ಯಾಪ್‌ಟಾಪ್ ಹುಡುಕ್ತಿದ್ದೀರಾ? ಮೊದಲು ಗ್ರಾಫಿಕ್ಸ್ ಕಾರ್ಡಿನ ಹೆಸರು ನೋಡಿ ಮರುಳಾಗೋದು ಬಿಡಿ. ಡೆಸ್ಕ್‌ಟಾಪ್‌ನ ಆರ್‌ಟಿಎಕ್ಸ್ 4090 ಗ್ರಾಫಿಕ್ಸ್ ಕಾರ್ಡಿಗೆ 24 ಜಿಬಿ ಮೆಮೊರಿ, 450 ವ್ಯಾಟ್ ಪವರ್. ಲ್ಯಾಪ್‌ಟಾಪ್‌ನಲ್ಲೂ ಹೆಸರು ಅದೇ, ಆದರೆ ಒಳಗಿರುವುದು ಬೇರೆ ಸಣ್ಣ ಚಿಪ್, 16 ಜಿಬಿ, ಹೆಚ್ಚೆಂದರೆ 175 ವ್ಯಾಟ್. ತೆಳ್ಳಗಿನ ಮಾಡೆಲ್‌ಗಳಲ್ಲಿ ಅದನ್ನೂ ಇನ್ನಷ್ಟು ಇಳಿಸಿರುತ್ತಾರೆ. ಸ್ಪೆಕ್ಸ್‌ನಲ್ಲಿ ಟಿಜಿಪಿ, ಅಂದ್ರೆ ಗ್ರಾಫಿಕ್ಸ್‌ಗೆ ಸಿಗುವ ಪವರ್, ಎಷ್ಟು ವ್ಯಾಟ್ ಅಂತ ಹುಡುಕಿ, ಬರೆದಿಲ್ಲ ಅಂದ್ರೆ ಕೇಳಿ.

ಇನ್ನು ಬಿಸಿ. ನಿಜವಾದ ತಲೆನೋವು ಇದೇ. ತಣ್ಣಗಿರುವ ಮೆಷಿನ್ ಮೊದಲ ಎರಡು ನಿಮಿಷ ಚೆನ್ನಾಗೇ ಓಡುತ್ತದೆ, ಆದರೆ ನಮ್ಮ ರೆಂಡರ್ (ಮಾಡಿದ ಕೆಲಸ ಕೊನೆಯ ವಿಡಿಯೊ ಆಗಿ ತಯಾರಾಗೋದು) ಎರಡು ನಿಮಿಷಕ್ಕೆ ಮುಗಿಯಲ್ಲ ಅಲ್ವಾ? ಸಾಧ್ಯವಾದರೆ ಕೊಳ್ಳುವ ಮುಂಚೆ, ಇಲ್ಲವಾದರೆ ವಾಪಸ್ ಕೊಡುವ ಅವಧಿ ಮುಗಿಯುವುದರೊಳಗೆ, ಪ್ರೊಸೆಸರ್‌ಗೆ ಪೂರ್ತಿ ಕೆಲಸ ಕೊಟ್ಟು ಪರೀಕ್ಷಿಸುವ ಸಿನಿಬೆಂಚ್ ಅನ್ನು 30 ನಿಮಿಷ ಬಿಡದೆ ಓಡಿಸಿ, ಪಕ್ಕದಲ್ಲಿ ಬಿಸಿ, ವೇಗ ತೋರಿಸುವ ಎಚ್‌ಡಬ್ಲ್ಯೂಇನ್ಫೋ ತೆರೆದಿಟ್ಟು ಕ್ಲಾಕ್ ಸ್ಪೀಡ್, ಅಂದ್ರೆ ಪ್ರೊಸೆಸರ್ ಓಡುವ ವೇಗ, ಗಮನಿಸಿ. ಶುರುವಿನಲ್ಲಿ 4.5 ಗಿಗಾಹರ್ಟ್ಸ್ ಇದ್ದದ್ದು 95 ಡಿಗ್ರಿ ಮುಟ್ಟಿದ ಮೇಲೆ 3ಕ್ಕೆ ಬಂದು ಕೂತರೆ, ನೀವು ದುಡ್ಡು ಕೊಟ್ಟದ್ದು 4.5ಕ್ಕೆ, ದಿನಾ ಸಿಗೋದು 3. ಹಾಗೇ ಫ್ಯಾನ್ ಸದ್ದೂ ಕೇಳಿ. ಅದೇ ಕೋಣೆಯಲ್ಲಿ ವಾಯ್ಸ್ ಓವರ್ ರೆಕಾರ್ಡ್ ಮಾಡುವವರಾದರೆ ರೆಂಡರನ್ನು ರಾತ್ರಿಗೆ ಎತ್ತಿಡಬೇಕಾಗುತ್ತದೆ.

ನಾನೊಮ್ಮೆ ಚಾರ್ಜರ್ ಮರೆತು ಕ್ಲೈಂಟ್ ಹತ್ತಿರ ಹೋಗಿದ್ದೆ. ಮನೆಯಲ್ಲಿ ನೀರು ಹರಿದಂತೆ ಓಡುತ್ತಿದ್ದ ಎಡಿಟಿಂಗ್ ಟೈಮ್‌ಲೈನ್ ಅಲ್ಲಿ ತಡವರಿಸಿ ತಡವರಿಸಿ ನಿಂತಿತು, ಮುಜುಗರ ಬೇರೆ. ಕಾರಣ ಸರಳ. ವಿಮಾನದಲ್ಲಿ ವಿಶೇಷ ಅನುಮತಿ ಇಲ್ಲದೆ ಒಯ್ಯಬಹುದಾದ ಬ್ಯಾಟರಿ 100 ವ್ಯಾಟ್ ಅವರ್‌ವರೆಗೆ ಮಾತ್ರ, ಅದಕ್ಕೇ ದೊಡ್ಡ ಲ್ಯಾಪ್‌ಟಾಪ್‌ಗಳೂ 99ರ ಹತ್ತಿರ ನಿಂತುಬಿಡುತ್ತವೆ. 200 ವ್ಯಾಟ್ ತಿನ್ನುವ ಮೆಷಿನ್‌ಗೆ ಅದು ಅರ್ಧ ಗಂಟೆಯ ಊಟ. ಹಾಗಾಗಿ ಪ್ಲಗ್ ಕಿತ್ತ ಕೂಡಲೇ ಅದು ತಾನೇ ವೇಗ ತಗ್ಗಿಸುತ್ತದೆ. ಆಪಲ್‌ನ ಎಂ ಚಿಪ್‌ಗಳು ಈ ವಿಷಯದಲ್ಲಿ ವಾಸಿ, ಆದರೆ ಅಲ್ಲಿ ರ‍್ಯಾಮ್ ಆಮೇಲೆ ಹಾಕಿಸೋಕಾಗಲ್ಲ, ಮೊದಲೇ ಜಾಸ್ತಿ ತಗೊಳ್ಳಿ.

ಈಗಾಗಲೇ ಕೊಂಡಾಗಿದ್ದರೆ ಹಿಂಭಾಗವನ್ನು ಸ್ವಲ್ಪ ಎತ್ತರಿಸಿಡಿ, ಗಾಳಿ ಆಡಲಿ. ಸದಾ ಪ್ಲಗ್‌ನಲ್ಲೇ ಇರುತ್ತದಾ? ಚಾರ್ಜ್ ಮಿತಿಯನ್ನು 80 ಪರ್ಸೆಂಟ್‌ಗೆ ಇಡಿ, ಇಲ್ಲದಿದ್ದರೆ ಬಿಸಿಗೂ ಫುಲ್ ಚಾರ್ಜ್‌ಗೂ ಸಿಕ್ಕಿ ಬ್ಯಾಟರಿ ಬೇಗ ಸೊರಗುತ್ತದೆ. ಒಳಗಿನ ಬ್ಯಾಟರಿ ಊದಿ ಟಚ್‌ಪ್ಯಾಡ್ ಉಬ್ಬಿದಂತೆ ಕಂಡರೆ ಮಾತ್ರ ಚಾರ್ಜ್ ಮಾಡೋದನ್ನು ಅಲ್ಲಿಗೇ ನಿಲ್ಲಿಸಿ ಬ್ಯಾಟರಿ ಬದಲಾಯಿಸಿ.